ಹೆಗಲಿಗೆ ಗೊತ್ತಿದ್ದ ಉತ್ತರ

"ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನಿಗೆ ಸೆರೆ, ದಸರೆ ಕಳೆದ ಮೇಲೆ ತಲೆದಂಡ" ಎಂದು ಹಿರೇಗಿರಿಯಲ್ಲಿ ಡಂಗುರ ಸಾರಿದರು. ತಲೆದಂಡದ ಷರತ್ತು ರಾಜನದು. ರಾಜರಿಗೆ ಅದಿಲ್ಲದೆ ಯಾವುದೂ ರುಚಿಸುವುದಿಲ್ಲ.

ಹೊನ್ನಾಂಬೆ ದೊಡ್ಡ ಜ್ವರದಿಂದ ಎದ್ದಿದ್ದಳು. ಕೈಕಾಲು ಮಾತ್ರ ಕಡ್ಡಿಯಾಗಿದ್ದವು, ದಿನೇದಿನೇ ಸೊರಗುತ್ತಿದ್ದಳು. ಮದ್ದು ಕೊಟ್ಟ ಮುದುಕಿ, ನಿನ್ನನ್ನು ಉಳಿಸಿದ್ದು ನಾನಲ್ಲ, ನಿನ್ನೊಳಗಿನ ಒಂದು ಸಾರ ಎಂದು ಹೇಳಿ ಹೋಗಿದ್ದಳು.

"ಎಲ್ಲರ ಮನೆಯಲ್ಲೂ ತಾನಾಗಿ ತಯಾರಾಗುತ್ತದೆ. ಸಂತೆಯಿಂದ ತರಬೇಕಿಲ್ಲ, ಅದಕ್ಕೇ ಬೇಕಿಲ್ಲದ್ದು ಅನ್ನುತ್ತಾರೆ. ಏನದು?" ಎಂಬುದು ಮೊದಲ ಒಗಟು. ನೆರೆರಾಜ್ಯದ ಕುವರ ನೆರಳು ಎಂದ, ಸೆಟ್ಟರ ಮಗ ಒಲೆಯ ಬೂದಿ ಎಂದ. ಇಬ್ಬರೂ ಸೆರೆಮನೆ ಸೇರಿದರು.

ಆಮೇಲೆ ಬಂದವನು ಪಲ್ಲಕ್ಕಿ ಹೊರುವ ಬೀರಣ್ಣ. ಅದೇ ಜ್ವರದಲ್ಲಿ ಅವನೂ ಮಲಗಿ ಅದೇ ಮುದುಕಿಯ ಮದ್ದು ಕುಡಿಯುತ್ತಿದ್ದಾಗ ಹೊನ್ನಾಂಬೆ ಬರೀ ಗಂಜಿ ಕುಡಿದು, ತನ್ನ ಪಾಲಿನ ಹಾಲು, ಬೇಳೆಕಟ್ಟು ಅವನ ಗುಡಿಸಲಿಗೆ ಕಳಿಸಿದ್ದಳು. ಆ ಋಣ ಅವನನ್ನು ಎಳೆತಂದಿತ್ತು.

"ಮೈಯೇ ಆ ಮನೆ, ಅಮ್ಮಣ್ಣಿ. ಮೈ ತಾನೇ ಮಾಡಿಕೊಳ್ಳೋ ಸಾರ ಅದು" ಎಂದ.

"ಸುಖದಲ್ಲಿ ಮಿಗುತ್ತದೆ, ಕಾಯಿಲೆಯಲ್ಲಿ ಸಾಲದು. ಆಗ ಯಾರ ಕಣಜ ತೆರೆಯುತ್ತಾರೆ?" ಹೊನ್ನಾಂಬೆ ಎರಡನೆಯ ಒಗಟು ಕೇಳಿದಳು.

"ತೋಳು ತೊಡೆಯ ಕಣಜ. ಜ್ವರದಲ್ಲಿ ನನ್ನ ಹೆಗಲು ಇಳಿದುಹೋಯ್ತು. ನೀವು ಹಗುರಾಗ್ತಾ ಬಂದದ್ದೂ ಈ ಹೆಗಲಿಗೇ ಗೊತ್ತು."

ಮುದುಕಿ ಹೇಳಿದ್ದೂ ಅದೇ. ಮಾಂಸಖಂಡ ಕರಗಿ ಆ ಸಾರವನ್ನು ಕರುಳಿಗೂ, ರೋಗದೊಡನೆ ಕಾದುವ ರಕ್ತಕ್ಕೂ ಕಳಿಸುತ್ತದೆಯಂತೆ.

ಹೊನ್ನಾಂಬೆಯ ದನಿ ಇಳಿಯಿತು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ತನ್ನನ್ನೇ ಕರಗಿಸಿ ನನ್ನನ್ನು ಉಳಿಸಿದ ಈ ಮೈಗೆ ನಾನೇನು ಕೊಡಲಿ?"

ಆ ಅರಮನೆಯ ಹೆಣ್ಣುಮಕ್ಕಳ ಪಾದ ನೆಲಕ್ಕೆ ತಾಗಬಾರದೆಂಬ ಕಟ್ಟಳೆಯಿತ್ತು. ಆದರೂ ಬೀರಣ್ಣ ಹೇಳಿದ.

"ನನಗೆ ಕಳಿಸಿದ ಹಾಲು, ಬೇಳೆ ಇನ್ನು ನೀವು ಉಣ್ಣಿ. ಪಲ್ಲಕ್ಕಿ ಇಳಿದು ನಡೀರಿ. ಉಂಡು ದುಡಿಸಿದರೇ ತುಂಬೋ ಕಣಜ ಅದು."

ರಾಜನ ಕೈ ಕತ್ತಿಗೆ ಹೋಯಿತು. ಅಷ್ಟರಲ್ಲಿ ಹೊನ್ನಾಂಬೆ ಪಲ್ಲಕ್ಕಿಯಿಂದ ಕಾಲು ಕೆಳಗಿಟ್ಟಿದ್ದಳು. ಮೊಣಕಾಲು ನಡುಗಿದವು, ಬೀರಣ್ಣನ ಹೆಗಲು ಹಿಡಿದು ನಿಂತಳು, ನಡೆದಳು. ತನ್ನ ಕಾಲುಗಳನ್ನೇ ನೋಡಿಕೊಂಡು ಅತ್ತಳು. ರಾಜನೂ ಕಣ್ಣೊರೆಸಿಕೊಂಡ.

ಏನು ಬೇಕೆಂದು ಕೇಳಿದಾಗ ಬೀರಣ್ಣ ಸೆರೆಯಲ್ಲಿದ್ದವರ ತಲೆಗಳನ್ನು ಬೇಡಿದ, ಅವರವರ ಕತ್ತಿನ ಮೇಲೆಯೇ. ಜೊತೆಗೆ ಅವನು ಕೇಳದಿದ್ದರೂ ರಾಜ ಹೊಲ, ಹಸು ಕೊಟ್ಟ. ಸುಗ್ಗಿಯ ಹೊತ್ತಿಗೆ ಹೊನ್ನಾಂಬೆ ಬೇಳೆಕಟ್ಟಿನ ತಂಬಿಗೆ ಹಿಡಿದು ಅವನ ಮನೆಗೆ ತಾನೇ ನಡೆದು ಬಂದಳು.

ಈಗಿನ ವೈದ್ಯರು ಆ ಸಾರವನ್ನು ಗ್ಲುಟಮಿನ್ ಅನ್ನುತ್ತಾರೆ. ಪುಸ್ತಕದಲ್ಲಿ ಅದು ಅನಗತ್ಯ ಅಮೈನೋ ಆಮ್ಲ. ಆ ಅನಗತ್ಯ ಎಂಬ ಪದವನ್ನು ಓದಿದಾಗಲೆಲ್ಲ ನಾನು ನನ್ನ ತೋಳನ್ನೊಮ್ಮೆ ಸವರಿಕೊಳ್ಳುತ್ತೇನೆ.