ಗೋಡೆಗೆ ಮುಖ ಮಾಡಿದ ಕಲ್ಲುಗಳು

“ಗುರುಗಳೇ,” ಎಂದು ಶಿಷ್ಯ ಕೇಳಿದ, “ನ್ಯಾಯಸ್ಥಾನದ ತೀರ್ಪುಗಳನ್ನೂ ಅವುಗಳ ಸಾರವನ್ನೂ ಊರವರಿಗೆಲ್ಲ ಪುಕ್ಕಟೆಯಾಗಿ ಓದಲು ಕೊಡಬೇಕೆಂದು ಕೆಲವರು ಹೇಳುತ್ತಿದ್ದಾರೆ. ಕಂಡಕಂಡವರ ಕೈಗೆ ಸಿಕ್ಕರೆ ತೀರ್ಪಿನ ಗೌರವ ಉಳಿದೀತೇ?”

ಗುರುಗಳು ಜಪಮಣಿಯನ್ನು ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ನ್ಯಾಯದ ಚಾವಡಿ ಇತ್ತು. ಅಲ್ಲಿ ಆದ ತೀರ್ಪನ್ನು ಕಲ್ಲಿನಲ್ಲಿ ಕೆತ್ತಿಸಿ, ಜಗಲಿಯ ಗೋಡೆಗೆ ಸಾಲಾಗಿ ಆನಿಸಿ ನಿಲ್ಲಿಸುತ್ತಿದ್ದರು. ಕಲ್ಲಿನ ನೆತ್ತಿಯ ಮೇಲೆ ಸಾರ, ಕೆಳಗೆ ವಿವರ. ಊರಿನವರು ದೈವಭಕ್ತರು. ಅಕ್ಷರವೆಂದರೆ ಸರಸ್ವತಿಯಲ್ಲವೇ. ಜಗಲಿಯಲ್ಲಿ ಮಲಗಿದವರ ಕಾಲು ತಾಗೀತೆಂದು ಹೆದರಿ, ಕಲ್ಲುಗಳ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು. ಕಾಣಿಕೆ ತಂದವರಿಗೆ ಮಾತ್ರ ಕಾವಲುಗಾರ ಕಲ್ಲು ಹೊರಳಿಸಿ ಓದಿ ಹೇಳುತ್ತಿದ್ದ. ಕಕ್ಷಿಗಾರರು ಎತ್ತಿ ಹೇಳಿದ ಹಳೆಯ ತೀರ್ಪನ್ನಷ್ಟೇ ನ್ಯಾಯಾಧಿಪತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಅಲ್ಲಿನ ಕಟ್ಟಳೆ.

ಒಬ್ಬ ವರ್ತಕ ಕೆರೆಯಂಗಳವನ್ನು ಗೇಣಿಗೆ ಹಿಡಿದ. ಅಲ್ಲಿ ಜೇಡಿಮಣ್ಣು ತೆಗೆಯುತ್ತಿದ್ದ ಕುಂಬಾರಗಿತ್ತಿಯನ್ನು ತಡೆದ. ಬೇರೆ ಮಣ್ಣಿನಲ್ಲಿ ಗಡಿಗೆ ನಿಲ್ಲದು. ಆ ಮಣ್ಣು ಹೋದರೆ ಅವಳ ತಿಗರಿ ನಿಂತ ಹಾಗೆಯೇ. ಅವಳು ಚಾವಡಿಗೆ ಬಂದಳು.

ಕರೆ ಬರುವವರೆಗೆ ಜಗಲಿಯಲ್ಲಿ ಒಂದು ಕಲ್ಲಿಗೆ ಬೆನ್ನು ಕೊಟ್ಟು ಕುಳಿತಳು. ಕಲ್ಲಿನ ತಂಪಿಗೆ ಕಣ್ಣು ಹತ್ತಿತು. ಬೆನ್ನ ಹಿಂದೆ ತಿಗರಿ ತಿರುಗುವ ಸದ್ದು ಕೇಳಿಸಿತು. ಕಲ್ಲು ಹಸಿಮಣ್ಣಿನ ಹಾಗೆ ಮೆತ್ತಗಾಯಿತು. ಅದರೊಳಗಿಂದ ಒಬ್ಬ ಮುದುಕಿ, ‘ನನ್ನನ್ನೂ ಹೀಗೇ ತಡೆದಿದ್ದರು ಮಗಳೇ. ನಾನು ಗೆದ್ದೆ’ ಎಂದಳು.

ಎಚ್ಚರವಾದೊಡನೆ ಅವಳು ಕಾವಲುಗಾರನಿಗೆ ಕನಸನ್ನು ಹೇಳಿ ಬೇಡಿಕೊಂಡಳು: ‘ಅಣ್ಣಾ, ಈ ಕಲ್ಲನ್ನೊಂದಿಷ್ಟು ಹೊರಳಿಸು. ಇದರಲ್ಲಿ ನಮ್ಮವರ ಮಾತಿದೆ.’

‘ಕಂಡ ಕನಸಿಗೆಲ್ಲ ಕಲ್ಲು ಹೊರಳಿಸಿದರೆ ನನ್ನ ಸೊಂಟ ಉಳಿಯುತ್ತದೆಯೇ, ತಾಯಿ? ಕಾಣಿಕೆ ಏನು ತಂದೆ?’

ಅವಳು ಒಂದು ಗಡಿಗೆ ತಂದಿದ್ದಳು. ಅವನು ಅದನ್ನು ಬೆರಳಿನಿಂದ ತಟ್ಟಿ ನೋಡಿ, ‘ಇದು ನೀರಿಗೆ ಸರಿ, ಕಲ್ಲಿಗೆ ಸಾಲದು’ ಎಂದ.

ವರ್ತಕ ತನಗೆ ಬೇಕಾದ ಕಲ್ಲನ್ನು ಮೊದಲೇ ಓದಿಸಿಕೊಂಡಿದ್ದ. ‘ಕೆರೆಯಂಗಳ ಗೇಣಿ ಹಿಡಿದವನದು’ ಎಂದು ಅದರಲ್ಲಿತ್ತು. ನ್ಯಾಯಾಧಿಪತಿ ಅವಳ ಕಡೆಗೆ ತಿರುಗಿ, ‘ನಿನ್ನ ಪರವಾಗಿ ಯಾವ ತೀರ್ಪಿದೆಯಮ್ಮಾ?’ ಎಂದು ಕೇಳಿದ. ಅವಳು ಕನಸನ್ನು ಹೇಳಿದಳು. ಚಾವಡಿಯೆಲ್ಲ ನಕ್ಕಿತು. ನ್ಯಾಯಾಧಿಪತಿ ನಗಲಿಲ್ಲ, ಕಟ್ಟಳೆಯನ್ನು ಮೀರಲೂ ಇಲ್ಲ. ಅವಳು ಸೋತಳು. ತಿಗರಿಯನ್ನು ಮನೆಯ ಗೋಡೆಗೆ ಆನಿಸಿಟ್ಟು ಊರು ಬಿಟ್ಟಳು.

ಮುಂದೊಂದು ಮಳೆಗಾಲದಲ್ಲಿ ಚಾವಡಿಯ ಗೋಡೆ ನೆನೆದು ಬಿರುಕು ಬಿಟ್ಟಿತು. ಹೊಸದಾಗಿ ಕಟ್ಟಿಸಬೇಕೆಂದು ಕಲ್ಲುಗಳನ್ನೆಲ್ಲ ಅಂಗಳಕ್ಕೆ ತಂದು ಅಂಗಾತ ಮಲಗಿಸಿದರು. ಮಳೆ ಬಿಟ್ಟ ಎಳೆಬಿಸಿಲಿನಲ್ಲಿ ನ್ಯಾಯಾಧಿಪತಿ ಅವುಗಳ ನಡುವೆ ನಡೆದು ಬಂದ. ಅವಳು ಬೆನ್ನು ಕೊಟ್ಟಿದ್ದ ಕಲ್ಲಿನ ಮುಂದೆ ನಿಂತ. ಅದರ ನೆತ್ತಿಯ ಮೇಲೆ ಹೀಗಿತ್ತು: ‘ಕೆರೆಯಂಗಳ ಯಾರದೇ ಇರಲಿ, ಜೇಡಿಮಣ್ಣು ಕುಂಬಾರರದು.’ ಅವನು ಅವಳನ್ನು ಹುಡುಕಲು ಜನರನ್ನು ಕಳಿಸಿದ.

ಗುರುಗಳು ಜಪಮಣಿಯನ್ನು ಮತ್ತೆ ಕೈಗೆತ್ತಿಕೊಂಡರು. ಶಿಷ್ಯ, “ಆಕೆ ಸಿಕ್ಕಿದಳೇ?” ಎಂದು ಕೇಳಿದ.

“ಇಲ್ಲ, ಮಗು, ಆದರೆ ತೀರ್ಪಿನ ಗೌರವಕ್ಕೇನೂ ಕೊರತೆಯಾಗಿರಲಿಲ್ಲ, ಕಲ್ಲಿನ ಒಂದಕ್ಷರವೂ ಸವೆದಿರಲಿಲ್ಲ.”