ಹೊನ್ನಾಂಬೆಯ ಒಣಗಿದ ಹುಲ್ಲುಹಾಸು

“ಹಾಲುಗಿರಿಯ ಜನರೇ, ಕೇಳಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನು ಕೇಳಿದ್ದು ಸಿಗುತ್ತದೆ, ಅವಳನ್ನೇ ಕೇಳಿದರೂ ಸರಿ. ತಪ್ಪಿದವನ ತಲೆ ಹೋಗುತ್ತದೆ! ಇನ್ನೊಂದು ಮಾತು. ಅರಮನೆಯ ಹುಲ್ಲುಹಾಸು ಒಣಗಿರುವುದರಿಂದ ಶಾಲೆಯ ಕೈತೋಟ ಕಿತ್ತು ಅಲ್ಲಿ ಹೊಸ ಹುಲ್ಲು ಹಾಸಲಾಗುವುದು.”

ಕೊನೆಯ ಮಾತನ್ನು ಡಂಗುರದವನು ಮೆಲ್ಲಗೇ ಹೇಳಿದ. ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದ ಮಕ್ಕಳ ಕಿವಿಗೆ ಬಿದ್ದದ್ದು ಮಾತ್ರ ಅದೇ. ಅಳುತ್ತಾ ಬಂದು ತಮ್ಮ ಬಡ ಮೇಷ್ಟ್ರು ಬೆಳ್ಳಯ್ಯನನ್ನು ಸುತ್ತುವರಿದರು.

“ಅಳಬೇಡ್ರೋ, ನಾನು ಹೋಗಿ ಒಗಟು ಬಿಡಿಸ್ತೀನಿ.”

“ತಲೆ ತೆಗೆದುಬಿಟ್ರೆ, ಮೇಷ್ಟ್ರೇ?”

“ಸಂಜೆ ನೀರು ಹಾಕೋದು ಮರೀಬೇಡಿ,” ಎಂದು ಬೆಳ್ಳಯ್ಯ ಹೊರಟ.

ಅರಮನೆಯ ಹುಲ್ಲುಹಾಸಿನ ಅಂಚಿನಲ್ಲಿ ರಾಜನ ಸಭೆ ನೆರೆದಿತ್ತು. ಮೊದಲು ಎದ್ದವನು ನೆರೆರಾಜ್ಯದ ರಾಜಕುಮಾರ.

“ಮಳೆಗಾಲದಲ್ಲಿ ತಲೆ ಕತ್ತರಿಸಿದರೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕತ್ತರಿಸಿದರೆ ಕೊರಗುತ್ತದೆ. ಏನದು?” ಎಂದಳು ಹೊನ್ನಾಂಬೆ.

“ಗಡ್ಡ!” ಎಂದು ಅವನು ತನ್ನದನ್ನೇ ನೀವಿಕೊಂಡ.

“ನಿಮ್ಮ ಗಡ್ಡ ಬೇಸಿಗೆಯಲ್ಲಿ ಕೊರಗುತ್ತದೆಯೇ?” ತಲೆ ತೆಗೆಯುವ ದಿನದವರೆಗೆ ಇರಲೆಂದು ಅವನನ್ನು ಸೆರೆಗೆ ಎಳೆದೊಯ್ದರು.

ಮಂತ್ರಿಯ ಮಗ ಜಾಣ, ಅದು ಹುಲ್ಲೆಂದು ಹೇಳಿ ಗೆದ್ದ. ಆದರೆ “ಕೈಯಿಲ್ಲ, ಕಾಲಿಲ್ಲ, ನೇಗಿಲಿಲ್ಲ, ಆದರೂ ನೆಲ ಉಳುವವನು ಯಾರು?” ಎಂದಾಗ “ಗಾಳಿ” ಎಂದುಬಿಟ್ಟ. ಅವನೂ ಸೆರೆಮನೆ ಸೇರಿದ.

ಬೆಳ್ಳಯ್ಯ ಮುಂದೆ ಬಂದ. “ಮೊದಲನೆಯದು ಹುಲ್ಲೇ ಸರಿ. ಮಳೆಯಲ್ಲಿ ಕತ್ತರಿಸಿದರೆ ಹರಡುತ್ತದೆ, ಬಿಸಿಲಲ್ಲಿ ತೀರಾ ಕತ್ತರಿಸಿದರೆ ಬುಡ ಸುಡುತ್ತದೆ. ಎರಡನೆಯವನು ಎರೆಹುಳು. ನಮ್ಮ ಮಕ್ಕಳಿಗೆ ಅವನೇ ಗೆಳೆಯ.”

ಮೂರನೆಯದನ್ನು ಕೇಳುವಾಗ ಹೊನ್ನಾಂಬೆಯ ದನಿ ಸಣ್ಣಗಾಯಿತು. “ಹಗಲೂ ರಾತ್ರಿ ಕಾದೆ. ಯಾರ ಕಾಲೂ ಸೋಕಗೊಡಲಿಲ್ಲ, ನೀರು ತಪ್ಪಿಸಲಿಲ್ಲ. ಆದರೂ ನನ್ನ ಹುಲ್ಲು ಸಾಯುತ್ತಿದೆ. ಏಕೆ?”

ಇದರ ಉತ್ತರ ಅವಳಿಗೇ ಗೊತ್ತಿಲ್ಲವೆಂದು ಬೆಳ್ಳಯ್ಯನಿಗೆ ತಿಳಿದುಹೋಯಿತು, ಪಾಪವೆನಿಸಿತು. ಪಕ್ಕದ ಭಟನ ಈಟಿ ಇಸಿದುಕೊಂಡು ನೆಲಕ್ಕೆ ಚುಚ್ಚಿದ. ಮೊನೆ ಇಳಿಯಲೇ ಇಲ್ಲ.

“ಕಾದವರು ಯಾರು, ರಾಜಕುಮಾರಿಯವರೇ?”

“ನನ್ನ ಭಟರು.”

“ಎಲ್ಲಿ ನಿಂತು?”

ಅವಳು ಹುಲ್ಲಿನ ನಡುವೆ ಸಾಲಾಗಿ ನಿಂತಿದ್ದ ಭಟರನ್ನು ನೋಡಿದಳು. ಅವರು ತಮ್ಮ ದಪ್ಪ ಜೋಡುಗಳನ್ನು ನೋಡಿಕೊಂಡರು.

“ತುಳಿತುಳಿದು ಮಣ್ಣು ಕಲ್ಲಾಗಿದೆ. ನೀರು ಇಳಿಯದು, ಬೇರಿಗೆ ಉಸಿರಿಲ್ಲ, ಎರೆಹುಳುವೂ ಇಲ್ಲ. ಕಾವಲೇ ಇದನ್ನು ಕೊಂದದ್ದು.”

“ರುಜುವಾತು ಮಾಡು. ಅಲ್ಲಿಯವರೆಗೆ ಕೈತೋಟ ಮುಟ್ಟುವುದಿಲ್ಲ, ನಿನ್ನ ತಲೆಯನ್ನೂ ಮುಟ್ಟುವುದಿಲ್ಲ,” ಎಂದ ರಾಜ.

ಆಮೇಲೆ ನೋಡಬೇಕಿತ್ತು! ಭಟರು ಜೋಡು ಕಳಚಿ, ನೆಲ ನೆನೆಸಿ ಈಟಿಯಿಂದ ತೂತು ಕೊರೆದರು. ಮಕ್ಕಳು ಬರಿಗಾಲಲ್ಲಿ ಹಿಂದೆ ಹಿಂದೆಯೇ ಮರಳು, ಹಟ್ಟಿಗೊಬ್ಬರ ತುಂಬಿದರು. ಮುಂಗಾರು ಹಿಡಿದು ವಾರ ಕಳೆಯುವಷ್ಟರಲ್ಲಿ ಅಂಗಳವೆಲ್ಲ ಹಸಿರು!

“ಏನು ಬೇಕೋ ಕೇಳು,” ಎಂದ ರಾಜ.

“ಕೈತೋಟ ಮಕ್ಕಳಿಗೇ ಇರಲಿ, ಪ್ರಭು. ಸೆರೆಯಲ್ಲಿರುವ ಇಬ್ಬರನ್ನೂ ಬಿಟ್ಟುಬಿಡಿ, ತೋಟಕ್ಕೆ ಗೊಬ್ಬರ ಹೊರಲು ಆಳು ಸಾಲದು.”

“ನನ್ನನ್ನು ಕೇಳಲೇ ಇಲ್ಲವಲ್ಲ!” ಎಂದಳು ಹೊನ್ನಾಂಬೆ.

“ಗೆದ್ದವನಿಗೆ ಎತ್ತಿ ಕೊಡೋಕೆ ನೀವೇನು ಕುಂಬಳಕಾಯಿಯೇ? ಬರುವುದು ಬಿಡುವುದು ನಿಮ್ಮಿಷ್ಟ.”

ಅವಳು ಗಟ್ಟಿಯಾಗಿ ನಕ್ಕಳು. ಚಪ್ಪಲಿ ಬಿಟ್ಟು, ತಾನೆಂದೂ ಕಾಲಿಡದ ಆ ಹುಲ್ಲಿನ ಮೇಲೆ ನಡೆದು ಬಂದು ಅವನ ಪಕ್ಕ ನಿಂತಳು. ಮಕ್ಕಳು ಹಾಕಿದ ಕೇಕೆಗೆ ಅರಮನೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು.