ನಿದ್ದೆ ಬಾರದ ನಾಯಿ

“ಗುರುಗಳೇ, ದಿನವೂ ಒಂದೇ ಹೊತ್ತಿಗೆ ಪೂಜೆಗೆ ಕೂರಲೇಬೇಕೇ?” ಎಂದು ಶಿಷ್ಯ ಸಂಗಯ್ಯ ಕೇಳಿದ. “ಎಷ್ಟೋ ದಿನ ಕೈ ಹೂವು ಏರಿಸುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಭಕ್ತಿ ಉಕ್ಕಿ ಬಂದಾಗ ಮಾತ್ರ ಕೂತರೆ ಸಾಲದೇ? ಶಿವನಿಗೂ ಅದೇ ಇಷ್ಟವಲ್ಲವೇ?”

“ಶಿವನ ಇಷ್ಟ ನಿನಗೆ ಯಾವಾಗ ತಿಳಿಯಿತೋ ಕಾಣೆ,” ಎಂದರು ಗುರುಗಳು. “ನನಗೆ ತಿಳಿದಿರುವುದು ಒಂದು ನಾಯಿಯ ಸಂಗತಿ. ಅದನ್ನೇ ಹೇಳುತ್ತೇನೆ, ಕೂತುಕೋ.”

ಒಬ್ಬ ಬೆಲ್ಲದ ವರ್ತಕನಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಒಂದು ನಾಯಿಯಿತ್ತು. ನಾಯಿಯೆಂದರೆ ಅವನಿಗೆ ಪಂಚಪ್ರಾಣ. ಆದರೆ ಆ ಪ್ರೀತಿಗೆ ಹೊತ್ತುಗೊತ್ತು ಇರಲಿಲ್ಲ. ಮನಸ್ಸಾದರೆ ಅಂಗಡಿಯನ್ನು ಹಾಗೇ ಬಿಟ್ಟು ಮಧ್ಯಾಹ್ನವೇ ಮನೆಗೆ ಓಡಿಬಂದು ತುಪ್ಪ ಸವರಿದ ರೊಟ್ಟಿ ತಿನ್ನಿಸುತ್ತಿದ್ದ. ಕೆಲವು ದಿನ ಮೂರು ಮೂರು ಸಲ ತಿರುಗಾಡಿಸಿಕೊಂಡು ಬರುತ್ತಿದ್ದ. ಗಿರಾಕಿಗಳು ಮುತ್ತಿಕೊಂಡ ದಿನ ನಾಯಿಯಿದೆ ಎನ್ನುವುದೇ ಮರೆತುಹೋಗುತ್ತಿತ್ತು. ನೆನಪಾದಾಗ ಕಣ್ಣಲ್ಲಿ ನೀರು ತಂದುಕೊಂಡು ಎರಡರಷ್ಟು ಉಣಿಸುತ್ತಿದ್ದ. ಪಾಪ, ಕಪಟವಿಲ್ಲದ ಮನುಷ್ಯ.

ನಾಯಿ ಹೊಸ್ತಿಲಲ್ಲಿ ಕೂತೇ ಇರುತ್ತಿತ್ತು. ಒಳಗೆ ಪಾತ್ರೆ ಸದ್ದಾದರೆ ಎದ್ದು ನಿಲ್ಲುತ್ತಿತ್ತು. ದಾರಿಯಲ್ಲಿ ಯಾರ ಚಪ್ಪಲಿ ಸದ್ದು ಕೇಳಿದರೂ ಅದರ ಕಿವಿ ನಿಮಿರುತ್ತಿತ್ತು. ತುಪ್ಪ ತಿಂದ ನಾಯಿಯ ಪಕ್ಕೆಲುಬು ಎಣಿಸುವಂತಾಯಿತು. ವೈದ್ಯ ಬಂದು ನೋಡಿದ. ರೋಗವೇನೂ ಇಲ್ಲ, ನಿದ್ದೆಯಿಲ್ಲ. ಹೀಗೇ ಆದರೆ ಇದು ದೀಪಾವಳಿ ಕಾಣುವುದಿಲ್ಲ ಎಂದ. ವರ್ತಕ ಅತ್ತ. ಅತ್ತು, ಇನ್ನೊಂದು ರೊಟ್ಟಿ ತಂದು ಹಾಕಿದ.

ಅಷ್ಟರಲ್ಲಿ ಅವನು ದೂರದ ಸಂತೆಗಳಿಗೆ ಗಾಡಿ ಕಟ್ಟಬೇಕಾಯಿತು. ಮರಳಲು ಎರಡು ತಿಂಗಳು. ಜೊತೆಗೆ ಕರೆದೊಯ್ದರೆ ನಾಯಿ ದಾರಿಯಲ್ಲೇ ಸಾಯಬಹುದು. ಬೇರೆ ಉಪಾಯ ಕಾಣದೆ ಅದನ್ನು ಊರಂಚಿನ ಒಬ್ಬ ಗಾಣಿಗನ ಬಳಿ ಬಿಟ್ಟುಹೋದ.

ಗಾಣಿಗ ಮಾತು ಕಡಿಮೆಯವನು. ನಾಯಿಯನ್ನು ಮುದ್ದಿಸಲೂ ಇಲ್ಲ, ಗದರಲೂ ಇಲ್ಲ. ಅವನ ದಿನವೆಲ್ಲ ಗಾಣದ ಎತ್ತಿನ ಹಿಂದೆ ಸಾಗುವುದು. ನಸುಕಿನಲ್ಲಿ ಎತ್ತಿಗೆ ನೀರು ಕುಡಿಸಲು ಹಳ್ಳಕ್ಕೆ ಹೊರಡುವನು, ನಾಯಿಯೂ ಹಿಂದೆ ಹೊರಡುವುದು. ಬಂದು ಎತ್ತನ್ನು ಗಾಣಕ್ಕೆ ಹೂಡುವ ಮೊದಲು ಒಂದು ಜೋಳದ ರೊಟ್ಟಿಯನ್ನು ಅಂಬಲಿಯಲ್ಲಿ ನೆನೆಸಿ ಅದರ ಮುಂದಿಡುವನು. ಇಳಿಹೊತ್ತಿಗೆ ಎತ್ತು ಬಿಚ್ಚಿ ಮತ್ತೆ ಹಳ್ಳಕ್ಕೆ. ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ರೊಟ್ಟಿ. ಇವತ್ತು ಹೇಗೋ ನಾಳೆಯೂ ಹಾಗೇ. ನಡುವೆ ನಾಯಿ ಎಷ್ಟು ಸಲ ಎದ್ದು ಬಂದು ಮುಖ ನೋಡಿದರೂ ಅವನದು ಒಂದೇ ಮಾತು: “ನಿಂದಿನ್ನೂ ಹೊತ್ತಾಗಿಲ್ಲ. ಮಲಕೋ.”

ಮೊದಲ ಕೆಲವು ದಿನ ಅದು ಮಲಗಲಿಲ್ಲ. ಆಮೇಲೆ ಪಾತ್ರೆ ಸದ್ದಿಗೆ ಏಳುವುದು ಬಿಟ್ಟು ಕಿವಿ ಮಾತ್ರ ಎತ್ತಿತು. ಆಮೇಲೆ ಕಿವಿಯನ್ನೂ ಎತ್ತಲಿಲ್ಲ. ಗಾಣ ಕಿರ್ರೆಂದು ತಿರುಗುತ್ತಿತ್ತು, ಎತ್ತು ಸುತ್ತುತ್ತಿತ್ತು, ಎಳ್ಳೆಣ್ಣೆಯ ವಾಸನೆ ಗಾಳಿಯಲ್ಲಿ ನಿಂತಿತ್ತು. ಒಂದು ಮಧ್ಯಾಹ್ನ ನಾಯಿ ಗಾಣದ ಮನೆಯ ಮೂಲೆಯಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅದರ ಕಾಲುಗಳು ಮಲಗಿದಲ್ಲೇ ಓಡತೊಡಗಿದವು. ಎಲ್ಲಿಗೆ ಓಡುತ್ತಿತ್ತೋ, ಯಾವ ಬಯಲಿನಲ್ಲಿತ್ತೋ. ಅಂಥ ಬಯಲು ನಮಗೂ ಸಿಕ್ಕರೆ ಪುಣ್ಯ.

ಎರಡು ತಿಂಗಳು ಕಳೆದು ವರ್ತಕ ಮರಳಿದ. ಗಾಡಿ ಬಿಚ್ಚುವ ಮುಂಚೆಯೇ ಗಾಣದ ಮನೆಗೆ ಓಡಿಬಂದ. ನಾಯಿ ಮೂಲೆಯಲ್ಲಿ ಅಡ್ಡಬಿದ್ದಿತ್ತು. ಅಷ್ಟು ವರ್ಷ ಸಾಕಿದ್ದರೂ ಅದು ಮಲಗಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಸತ್ತಿತೆಂದೇ ತಿಳಿದ. ಅದರ ಪಕ್ಕದಲ್ಲೇ ಕುಸಿದು ಕೂತ.

“ಸಾವಕಾಶ ರೀ ಸಾವಕಾರ್ರ,” ಎಂದ ಗಾಣಿಗ. “ಅದು ಮಲಗೇತಿ.”

ವರ್ತಕ ಬಗ್ಗಿ ನೋಡಿದ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕೆಲುಬು ಮುಚ್ಚಿ ಮೈ ತುಂಬಿಕೊಂಡಿತ್ತು. “ಯಾವ ಔಷಧ ಹಾಕಿದ್ಯೋ ಮಾರಾಯ?” ಎಂದು ಪಿಸುಗುಟ್ಟಿದ. “ನಾ ತುಪ್ಪದ ರೊಟ್ಟಿ ತಿನಿಸಿದ್ರೂ ಇದರ ಮೈಗೆ ಹತ್ತಲಿಲ್ಲ.”

“ಔಷಧ ಏನಿಲ್ರಿ. ನಿಮ್ಮ ರೊಟ್ಟಿ ಯಾವಾಗ ಬರತೈತಿ ಅಂತ ಅದಕ್ಕ ಗೊತ್ತಿರಲಿಲ್ಲ. ಈಗ ಬಂದೀತು, ಈಗ ಬಂದೀತು ಅಂತ ಹಗಲೂ ರಾತ್ರಿ ಕಾಯ್ತಿತ್ತು. ಇಲ್ಲಿ ಹೊತ್ತಿಗೆ ಬರತೈತಿ ಅಂತ ಗೊತ್ತಾತು. ಉಳಿದ ಹೊತ್ತೆಲ್ಲ ಅದರದ ಆತು.”

ವರ್ತಕ ತಬ್ಬಿಕೊಳ್ಳಲು ಎರಡೂ ಕೈ ಚಾಚಿದ. ಎರಡು ತಿಂಗಳು ಕೂಡಿಟ್ಟ ಪ್ರೀತಿ, ತಡೆಯುವುದು ಸುಲಭವೇ? ನಾಯಿಯ ಕಾಲುಗಳು ಇನ್ನೂ ಕನಸಿನಲ್ಲಿ ಓಡುತ್ತಿದ್ದವು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬಿಸಿಲು ಇಳಿದು ಎತ್ತು ಬಿಚ್ಚುವ ತನಕ ಅಲ್ಲೇ ನೆಲದ ಮೇಲೆ ಕೂತು ಕಾದ. ಆ ನಾಯಿಗಾಗಿ ಅವನು ಕಾದದ್ದು ಅದೇ ಮೊದಲು. ಕಾಯುವುದು ಎಷ್ಟು ಕಷ್ಟವೆಂದು ತಿಳಿದಾಗ, ಅಷ್ಟು ವರ್ಷ ಅದನ್ನು ಕಾಯಿಸಿದ್ದಕ್ಕೆ ಅವನಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು.

ಎತ್ತು ಬಿಚ್ಚಿದ ಸದ್ದಿಗೆ ನಾಯಿ ಕಣ್ಣು ತೆರೆಯಿತು. ಒಡೆಯನನ್ನು ಕಂಡು ಮೈಮೇಲೆ ಬಿದ್ದು ಹೊರಳಾಡಿತು. ಮರುದಿನದಿಂದ ವರ್ತಕ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದ. ಮನಸ್ಸು ಉಕ್ಕಿದ ದಿನವೂ ಅದೇ ಹೊತ್ತು, ಉಕ್ಕದ ದಿನವೂ ಅದೇ ಹೊತ್ತು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಸಂಗಯ್ಯ ತಲೆಯಾಡಿಸಿದ.

“ತಿಳಿಯಿತು ಗುರುಗಳೇ. ನನ್ನ ಮನಸ್ಸೇ ಆ ನಾಯಿ. ಹೊತ್ತಿಗೆ ಸರಿಯಾಗಿ ಪೂಜೆಗೆ ಕೂತರೆ ಅದಕ್ಕೆ ನೆಮ್ಮದಿ.”

ಗುರುಗಳು ನಕ್ಕರು.

“ನೀನು ಯಾವಾಗ ಬರುತ್ತೀಯೋ ಎಂದು ಕಾದು ಕೂತಿರುವ ಆ ಶಿವನಿಗೆ ಒಂದಿಷ್ಟು ನಿದ್ದೆ ಬೇಡವೇನಯ್ಯ?”